ಒಗೆದ ಮೇಲೂ ಉಳಿಯುತ್ತದಾ? ನೈಸರ್ಗಿಕ ಬಣ್ಣದ ರೋಗಿ ಹಾಸಿಗೆ ಸೆಟ್, ಐದು ತಿಂಗಳು ಬಳಸಿದ ಮೇಲೆ

ನಮ್ಮ ಅತ್ತೆಗೆ 78 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮನೆಗೆ ಬಂದ ಮೇಲೂ ಎದ್ದು ಓಡಾಡಲು ಆಗಲಿಲ್ಲ. ಐದು ತಿಂಗಳು ಹಾಸಿಗೆಯಲ್ಲೇ. ಏರ್ ಬೆಡ್, ಅದರ ಮೇಲೆ ಬೆಡ್‌ಶೀಟ್, ಅದರ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಸೊಂಟದ ಕೆಳಗೆ ಅಡ್ಡಲಾಗಿ ಹಾಸುವ, ಒದ್ದೆಯಾದರೆ ಅದೊಂದನ್ನೇ ಬದಲಿಸುವ ಡ್ರಾ ಶೀಟ್, ಡೈಪರ್, ಬೆವರು, ಪೌಡರು. ಇಂಥ ಮನೆ ನಡೆಸಿದವರಿಗೆ ಗೊತ್ತು, ದಿನದ ಅರ್ಧ ಹೊತ್ತು ಬಟ್ಟೆಯಲ್ಲೇ ಕಳೆದುಹೋಗುತ್ತದೆ. ನಾನು ನರ್ಸ್. 19 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ, ಅದರಲ್ಲಿ ನಾಲ್ಕು ವರ್ಷ ಸೋಂಕು ನಿಯಂತ್ರಣದ ಕೆಲಸ. ಹಾಗಾಗಿ 'ಬ್ಯಾಕ್ಟೀರಿಯಾ ನಿರೋಧಕ' ಅಂತ ಬರೆದಿರುವ ಯಾವ ವಸ್ತು ಕಂಡರೂ ಕೈಗೆತ್ತಿಕೊಂಡು ಹಿಂದೆ ಮುಂದೆ ಓದುತ್ತೇನೆ.

ಬೆಂಗಳೂರಿನ ಒಂದು ಕೈಮಗ್ಗ ಮೇಳದಲ್ಲಿ ಈ ಸೆಟ್ ಸಿಕ್ಕಿತು. ಅಂಗಡಿಯ ಹೆಸರು ಬೇಕಂತಲೇ ಹಾಕುತ್ತಿಲ್ಲ. ಏಳೆಂಟು ಹೆಂಗಸರು ಸೇರಿ ನಡೆಸುವ ಚಿಕ್ಕ ಘಟಕ ಅದು, ನಾನು ಹೇಳುವ ಕುಂದುಗಳು ಅವರೊಬ್ಬರ ಬಟ್ಟೆಗೆ ಮಾತ್ರ ಇರುವಂಥವೂ ಅಲ್ಲ. ಇಂಥ ಬಟ್ಟೆ ಮಾರುವ ಯಾರ ಹತ್ತಿರ ಹೋದರೂ ನೀವು ಇದೇ ಪ್ರಶ್ನೆಗಳನ್ನು ಕೇಳಬೇಕು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸೆಟ್‌ನಲ್ಲಿ ಇರುವುದು ಇಷ್ಟು. ಬೆಡ್‌ಶೀಟ್ ಎರಡು, ಒಂದು ಅರಿಶಿನದ್ದು, ಇನ್ನೊಂದು ದಾಳಿಂಬೆ ಸಿಪ್ಪೆ ಮತ್ತು ಅಳಲೆಕಾಯಿ ಸೇರಿಸಿದ್ದು. ದಿಂಬಿನ ಕವರ್ ಎರಡು, ಮಂಜಿಷ್ಠದ ಬೇರಿನಿಂದ ಕೆಂಪು ಮಾಡಿದ್ದು. ಡ್ರಾ ಶೀಟ್ ನಾಲ್ಕು, ಅಡಿಕೆ ಚೊಗರಿನದ್ದು. ಒಟ್ಟು ₹5,400. ಚೀಟಿಯ ಮೇಲೆ ಹಸಿರು ಅಕ್ಷರದಲ್ಲಿ '99% ಬ್ಯಾಕ್ಟೀರಿಯಾ ನಿರೋಧಕ, ರೋಗಿಗಳಿಗೆ ಉತ್ತಮ' ಅಂತ ಇತ್ತು.

ಚೊಗರು ಅಂತ ಓದಿದ್ದೇ ತಡ ನನ್ನ ಕೈ ಪರ್ಸಿಗೆ ಹೋಯಿತು ಅನ್ನಬೇಕು. ನನ್ನ ತವರು ತೀರ್ಥಹಳ್ಳಿ ಕಡೆ. ಅಡಿಕೆ ಸುಲಿಯುವ ಕಾಲದಲ್ಲಿ ಅಮ್ಮ, ಚಿಕ್ಕಮ್ಮಂದಿರು, ಅಕ್ಕಪಕ್ಕದ ಮನೆಯವರು ಎಲ್ಲಾ ಮೆಟ್ಟುಕತ್ತಿ ಹಾಕಿಕೊಂಡು ರಾತ್ರಿ ಹತ್ತರ ತನಕ ಸುಲಿಯುತ್ತಿದ್ದರು. ಸುಲಿದಿದ್ದನ್ನು ಹಂಡೆಯಲ್ಲಿ ಬೇಯಿಸಿದರೆ ಉಳಿಯುವ ಕೆಂಪು ಕಂದು ನೀರೇ ಚೊಗರು. ಅದನ್ನು ಗಟ್ಟಿ ಮಾಡಿ ಇಟ್ಟು ಮುಂದಿನ ಅಡಿಕೆಗೆ ಬಣ್ಣ ಕೊಡಲು ಹಾಕುತ್ತಾರೆ. ಆ ಕರೆ ಲಂಗಕ್ಕೆ ತಾಗಿದರೆ ಮುಗಿಯಿತು, ಲಂಗ ಹರಿಯುವ ತನಕ ಕರೆ ಹೋಗುತ್ತಿರಲಿಲ್ಲ. ಹೆಗ್ಗೋಡಿನ ಚರಕ ಅನ್ನುವ ಕೈಮಗ್ಗ ಸಂಘದವರು ಅದೇ ಚೊಗರಿನಿಂದ ಸೀರೆ, ಜುಬ್ಬಕ್ಕೆ ಬಣ್ಣ ಹಾಕುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಕೊಂಡ ಸೆಟ್ ಅವರದ್ದಲ್ಲ, ಬೇರೆಯವರದ್ದು. ಆದರೆ ಅದೇ ಕರೆ ರೋಗಿಯ ಹಾಸಿಗೆಗೆ ಉಪಯೋಗಕ್ಕೆ ಬರುತ್ತದೆ ಅನ್ನುವ ಯೋಚನೆ ನನಗೆ ತುಂಬಾ ಹಿಡಿಸಿತು.

ಮೊದಲು ಬಟ್ಟೆಯ ಬಗ್ಗೆ. ಬಟ್ಟೆ ಬಹಳ ಚೆನ್ನಾಗಿದೆ, ಇದರಲ್ಲಿ ಎರಡು ಮಾತಿಲ್ಲ. ಕೈಮಗ್ಗದ ದಪ್ಪ ಹತ್ತಿ, ಬೆವರು ಹೀರುತ್ತದೆ, ಗಾಳಿಯಾಡುತ್ತದೆ. ಮೊದಲೆರಡು ಒಗೆತದಲ್ಲಿ ಸ್ವಲ್ಪ ಒರಟು, ಮೂರನೆಯದರಿಂದ ಮೆತ್ತಗಾಯಿತು. ಅಂಚಿನ ಹೊಲಿಗೆ ದಪ್ಪ ಇಲ್ಲ, ಮಲಗಿದವರ ಬೆನ್ನಿಗೆ ಗೆರೆ ಬೀಳುವುದಿಲ್ಲ. ಹೊಲಿದವರು ಯಾರೋ ಯೋಚನೆ ಮಾಡಿಯೇ ಹೊಲಿದಿದ್ದಾರೆ. ಮಂಗಳವಾರ ಹಾಸಿದೆ, ಬುಧವಾರ ಬೆಳಿಗ್ಗೆ ಅತ್ತೆ 'ಈ ಶೀಟು ಬೆನ್ನಿಗೆ ಅಂಟಲ್ಲ ನೋಡೇ' ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಹಾಸಿಗೆಯ ಬಗ್ಗೆ ದೂರು ಬಿಟ್ಟು ಬೇರೆ ಏನಾದರೂ ಹೇಳಿದ್ದು ಅದೇ ಮೊದಲು.

ಇನ್ನು ಅರಿಶಿನದ ಶೀಟು. ಮೊದಲ ಸಲ ಸೋಪಿನ ಪುಡಿ ಹಾಕಿದ ಬಕೆಟ್ಟಿಗೆ ಅದ್ದಿದೆ ಅಷ್ಟೇ, ಹಳದಿ ಶೀಟು ಕಣ್ಣೆದುರೇ ಇಟ್ಟಿಗೆ ಕೆಂಪಾಯಿತು. ಮನೆಕೆಲಸಕ್ಕೆ ಬರುವ ಹುಡುಗಿ ಗಾಬರಿಯಾಗಿ 'ಅಕ್ಕಾ, ರಕ್ತ!' ಅಂದಳು. ನನಗೂ ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು, ಇದು ಓಕುಳಿ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಕೆಂಪಾಗುತ್ತದಲ್ಲ, ಅದೇ. ಸುಣ್ಣದ ಹಾಗೆ ಸೋಪಿನ ಪುಡಿಯೂ ಕ್ಷಾರ, ಅರಿಶಿನದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ. ನಿಂಬೆಹುಳಿ ಹಿಂಡಿದ ನೀರಲ್ಲಿ ಜಾಲಿಸಿದರೆ ಮತ್ತೆ ಹಳದಿ. ಜಾಲಿಸಿದೆ, ಹಳದಿಯಾಯಿತು. ಆದರೆ ಬಕೆಟ್ಟಿನ ನೀರು ಪೂರ್ತಿ ಹಳದಿಯಾಗಿತ್ತು, ಅಂದರೆ ಅಷ್ಟು ಬಣ್ಣ ಬಟ್ಟೆ ಬಿಟ್ಟು ಹೋಯಿತು. ಬಿಸಿಲಿಗೆ ಹಾಕಿದೆ. ವಾರದೊಳಗೆ ನಾಲ್ಕು ಸಲ ಒಗೆದು ಒಣಗಿಸಿದ ಮೇಲೆ ಮಡಿಕೆಯ ಒಳಗೆ ಹಳದಿ, ಹೊರಗೆ ಬಿಳಿಚಿದ ಕೆನೆ ಬಣ್ಣ. ಅರಿಶಿನ ಹತ್ತಿಗೆ ಸಲೀಸಾಗಿ ಹಿಡಿಯುತ್ತದೆ, ಅಷ್ಟೇ ಸಲೀಸಾಗಿ ಬಿಡುತ್ತದೆ, ಬಿಸಿಲಂತೂ ಅದಕ್ಕೆ ಆಗುವುದೇ ಇಲ್ಲ. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿ ಉಡುವ ನಾವೆಲ್ಲ ಅರಿಶಿನದ ಗುಣ ನಂಬಿಕೊಂಡೇ ಬೆಳೆದವರು. ಕರ್ಕ್ಯುಮಿನ್‌ಗೆ ಬ್ಯಾಕ್ಟೀರಿಯಾ ತಡೆಯುವ ಗುಣ ಇರುವುದೂ ನಿಜ. ಆದರೆ ಬಟ್ಟೆಯಲ್ಲಿ ಬಣ್ಣವೇ ನಿಲ್ಲದಿದ್ದರೆ ಗುಣ ಎಲ್ಲಿ ನಿಲ್ಲುತ್ತದೆ? ದಿನಾ ಒಗೆಯುವ ರೋಗಿಯ ಶೀಟಿಗೆ ಅರಿಶಿನ ಬೇಡ.

ಚೊಗರಿನ ಡ್ರಾ ಶೀಟು ಇದಕ್ಕೆ ತದ್ವಿರುದ್ಧ. ಬಿಸಿಲಿಗೆ ಹಾಕಿದಷ್ಟೂ ಕಂದು ಇನ್ನೂ ಗಾಢವಾಯಿತು. ಬಿಸಿನೀರಿಗೆ ಮೊದಲು ಸ್ವಲ್ಪ ಬಿಟ್ಟಿತು, ಆಮೇಲೆ ನಿಂತಿತು. ಇದರಲ್ಲಿ ಒಂದು ಅನಾಹುತ ಆಯಿತು. ನಮ್ಮ ಹಿತ್ತಲಿನ ಒಂದು ತಂತಿ ಕಬ್ಬಿಣದ್ದು, ತುಕ್ಕು ಹಿಡಿದಿದೆ. ಒದ್ದೆ ಶೀಟು ಅದರ ಮೇಲೆ ಹರವಿದೆ. ಸಂಜೆ ತೆಗೆಯುವಾಗ ಶೀಟಿನ ನಡುವೆ ಉದ್ದಕ್ಕೂ ಕಪ್ಪು ಗೆರೆ, ಪೆನ್ನಿನಲ್ಲಿ ಎಳೆದ ಹಾಗೆ. ನಿಜಕ್ಕೂ ಅದು ಶಾಯಿಯೇ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು ಹಾಕಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಕೆಲಸ ನಮ್ಮ ತಂತಿಯ ಮೇಲೆ ನಡೆದಿತ್ತು. ಅಡಿಕೆಯಲ್ಲಿ, ಅಳಲೆಯಲ್ಲಿ, ದಾಳಿಂಬೆ ಸಿಪ್ಪೆಯಲ್ಲಿ ಇರುವ ಟ್ಯಾನಿನ್ ಅನ್ನುವ ಒಗರಿನ ಅಂಶ ಕಬ್ಬಿಣ ಕಂಡರೆ ಬಿಡುವುದಿಲ್ಲ, ಗಟ್ಟಿಯಾಗಿ ಹಿಡಿದು ಕಪ್ಪಾಗುತ್ತದೆ. ಆ ಗೆರೆ ಇವತ್ತಿಗೂ ಹೋಗಿಲ್ಲ. ನೀವು ಕೊಂಡರೆ ಪ್ಲಾಸ್ಟಿಕ್ ಹಗ್ಗದ ಮೇಲೆ ಒಣಗಿಸಿ, ತುಕ್ಕಿನ ಬಕೆಟ್ಟಿನ ಹತ್ತಿರವೂ ತರಬೇಡಿ. ಚೀಟಿಯಲ್ಲಿ ಈ ಒಂದು ಸಾಲು ಇರಬೇಕಿತ್ತು.

ಆ ಕಪ್ಪು ಗೆರೆ ನೋಡಿದರೆ ಇಂಥ ಬಣ್ಣ ಬ್ಯಾಕ್ಟೀರಿಯಾ ಮೇಲೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದೂ ಸ್ವಲ್ಪ ಅರ್ಥವಾಗುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು, ಟ್ಯಾನಿನ್ ಅದನ್ನು ಕಟ್ಟಿಹಾಕುತ್ತದೆ. ಇನ್ನೊಂದು, ಒಗರು. ಎಳೆ ಅಡಿಕೆಯನ್ನೋ ದಾಳಿಂಬೆ ಸಿಪ್ಪೆಯನ್ನೋ ಕಚ್ಚಿದರೆ ಬಾಯಿ ಒಣಗಿ ನಾಲಿಗೆ ಎಳೆದ ಹಾಗೆ ಆಗುತ್ತದಲ್ಲ, ಅದು ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದು ಗಂಟು ಹಾಕುವುದರಿಂದ ಆಗುವುದು. ಚೊಗರು ಅನ್ನುವ ಮಾತಿಗೇ ಒಗರು ಅಂತ ಅರ್ಥ ಇದೆ. ಬ್ಯಾಕ್ಟೀರಿಯಾದ ಹೊರಗಿನ ಪ್ರೋಟೀನಿಗೂ, ಅದರ ಕಿಣ್ವಗಳಿಗೂ ಇದು ಹಾಗೇ ಅಂಟಿಕೊಳ್ಳುತ್ತದೆ. ನಮ್ಮ ನಾಲಿಗೆಗೆ ಆಗುವ ಒಗರೇ ಅದಕ್ಕೂ ಆಗುತ್ತದೆ ಅಂದುಕೊಳ್ಳಿ. ಮಂಜಿಷ್ಠದ ಕೆಂಪು, ಈರುಳ್ಳಿ ಸಿಪ್ಪೆಯ ಬಣ್ಣ, ಕಾಚಿನ ಕಂದು, ಇವುಗಳಲ್ಲೂ ಬೇರೆ ಬೇರೆ ರೀತಿಯಲ್ಲಿ ಈ ಗುಣ ಇದೆ. ಇದು ಸುಮ್ನೆ ಅಜ್ಜಿ ಮದ್ದಿನ ಮಾತಲ್ಲ, ಲ್ಯಾಬಿನಲ್ಲಿ ಮತ್ತೆ ಮತ್ತೆ ಅಳೆದು ನೋಡಿದ ಸಂಗತಿ.

ಆದರೆ ಲ್ಯಾಬಿನಲ್ಲಿ ಏನು ಅಳೆಯುತ್ತಾರೆ ಅನ್ನುವುದು ಗೊತ್ತಿರಬೇಕು. '99%' ಅಂತ ಬರೆದಿದ್ದೀರಲ್ಲ, ರಿಪೋರ್ಟ್ ಕಳಿಸಿ ಅಂತ ಅಂಗಡಿಗೆ ವಾಟ್ಸಾಪ್ ಮಾಡಿದೆ. ಅರ್ಧ ದಿನದಲ್ಲಿ ಕಳಿಸಿದರು, ಅದಕ್ಕೆ ಪೂರ್ತಿ ಅಂಕ. ಎಷ್ಟೋ ದೊಡ್ಡ ದೊಡ್ಡ ಬ್ರಾಂಡಿನವರು ಇಂಥ ಮೆಸೇಜಿಗೆ ಉತ್ತರವನ್ನೇ ಕೊಡುವುದಿಲ್ಲ. ಪರೀಕ್ಷೆ ಎಎಟಿಸಿಸಿ 100, ಅಮೆರಿಕದ ಜವಳಿ ರಸಾಯನ ತಜ್ಞರ ಸಂಘದ್ದು. ಬಟ್ಟೆಯ ಚೂರಿನ ಮೇಲೆ ಲೆಕ್ಕ ಮಾಡಿದ ಬ್ಯಾಕ್ಟೀರಿಯಾ ಹಾಕಿ, 24 ಗಂಟೆ ನಮ್ಮ ಮೈಯಷ್ಟೇ ಬೆಚ್ಚಗೆ ಇಟ್ಟು, ಆಮೇಲೆ ತೊಳೆದು ಎಷ್ಟು ಬದುಕಿವೆ ಅಂತ ಎಣಿಸುವುದು. ಒಳ್ಳೆಯ ಪರೀಕ್ಷೆಯೇ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಗೆರೆ ಎಳೆದು, ಅದರ ಮೇಲೆ ಬಟ್ಟೆ ಇಟ್ಟು, ಬಟ್ಟೆಯ ಕೆಳಗೆ ಬೆಳೆಯಿತಾ ಇಲ್ಲವಾ ಅಂತ ಕಣ್ಣಲ್ಲಿ ನೋಡುವ ಎಎಟಿಸಿಸಿ 147ಕ್ಕಿಂತ ಇದು ಎಷ್ಟೋ ವಾಸಿ, ಯಾಕೆಂದರೆ ಇಲ್ಲಿ ಅಂಕಿ ಸಿಗುತ್ತದೆ.

ಕೊರತೆ ಎರಡು. ಪರೀಕ್ಷೆ ಮಾಡಿದ್ದು ಸ್ಟೆಫಿಲೊಕಾಕಸ್ ಆರಿಯಸ್ ಒಂದರ ಮೇಲೆ ಮಾತ್ರ. ಇದು ಚರ್ಮದ ಮೇಲೆ, ಮೂಗಿನಲ್ಲಿ ಇರುವ ಬ್ಯಾಕ್ಟೀರಿಯಾ, ಹುಣ್ಣು ಕೀವು ಮಾಡುವುದು ಇದೇ, ಆದ್ದರಿಂದ ಮುಖ್ಯವೇ. ಆದರೆ ಡೈಪರ್ ಹಾಕಿ ಮಲಗಿರುವವರ ಸೊಂಟದ ಕೆಳಗೆ ತೊಂದರೆ ಕೊಡುವುದು ಇ. ಕೋಲಿ, ಕ್ಲೆಬ್ಸಿಯೆಲ್ಲಾ ಥರದ ಕರುಳಿನ ಬ್ಯಾಕ್ಟೀರಿಯಾ. ಇವಕ್ಕೆ ಮೈಮೇಲೆ ಇನ್ನೊಂದು ಹೆಚ್ಚುವರಿ ಪೊರೆ ಇದೆ, ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡ ಹಾಗೆ. ಗಿಡದ ಬಣ್ಣಗಳು ಸ್ಟೆಫಿಲೊಕಾಕಸ್ ಮೇಲೆ ತೋರುವ ಜೋರು ಸಾಮಾನ್ಯವಾಗಿ ಇವುಗಳ ಮೇಲೆ ತೋರುವುದಿಲ್ಲ. ಅದೇ ಪರೀಕ್ಷೆಯಲ್ಲಿ ಕ್ಲೆಬ್ಸಿಯೆಲ್ಲಾ ಮೇಲೂ ನೋಡುವ ಕ್ರಮ ಇದೆ. ಅದನ್ನು ಮಾಡಿಸಿಲ್ಲ.

ಎರಡನೆಯದು ಇನ್ನೂ ಮುಖ್ಯ. ಪರೀಕ್ಷೆಗೆ ಕೊಟ್ಟಿದ್ದು ಒಗೆಯದ ಹೊಸ ಬಟ್ಟೆ. ಆಗಷ್ಟೇ ಬಣ್ಣದಿಂದ ಎದ್ದ ಬಟ್ಟೆ 99% ಕೊಡುತ್ತದೆ ಸರಿ. 20 ಸಲ ಒಗೆದ ಮೇಲೆ? ಅದಕ್ಕೂ ಲ್ಯಾಬಿನಲ್ಲಿ ದಾರಿ ಇದೆ. ಎಎಟಿಸಿಸಿ 61 ಅಂತ, ಚಿಕ್ಕ ಡಬ್ಬಿಯಲ್ಲಿ ಬಟ್ಟೆ, ಸೋಪು, 50 ಸ್ಟೀಲ್ ಗುಂಡು ಹಾಕಿ 49 ಡಿಗ್ರಿ ಬಿಸಿಯಲ್ಲಿ 45 ನಿಮಿಷ ತಿರುಗಿಸಿದರೆ ಮನೆಯ ಐದು ಒಗೆತಕ್ಕೆ ಸಮ. ನಾಲ್ಕು ಸಲ ತಿರುಗಿಸಿದರೆ 20 ಒಗೆತ. ಆಮೇಲೆ ಬ್ಯಾಕ್ಟೀರಿಯಾ ಪರೀಕ್ಷೆ. ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾದಲ್ಲಿ ವೈದ್ಯಕೀಯ ಜವಳಿಗೇ ಒಂದು ಪ್ರತ್ಯೇಕ ಕೇಂದ್ರ ಇದೆ, ದೂರವೇನಲ್ಲ.

99% ಅನ್ನುವ ಅಂಕಿಯನ್ನೂ ಸ್ವಲ್ಪ ಬಿಡಿಸಿ ನೋಡಿ. 1 ಲಕ್ಷ ಬ್ಯಾಕ್ಟೀರಿಯಾದಲ್ಲಿ 99% ಸತ್ತರೆ 1,000 ಉಳಿಯುತ್ತವೆ. 99.9% ಆದರೆ 100. ಕೇಳಲು ಒಂದೇ ಥರ, ವ್ಯತ್ಯಾಸ ಹತ್ತು ಪಟ್ಟು. ಒದ್ದೆ, ಬಿಸಿ, ಕೊಳೆ ಮೂರೂ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೆ ಇಮ್ಮಡಿಯಾಗಬಲ್ಲದು. ಆ 1,000 ಮತ್ತೆ ಲಕ್ಷ ದಾಟಲು ಏಳು ಇಮ್ಮಡಿ ಸಾಕು, ಎರಡೂವರೆ ಗಂಟೆಯೂ ಬೇಡ. ಅಂದರೆ ಒದ್ದೆಯಾದ ಶೀಟನ್ನು ಬೆಳಗಿನ ತನಕ ಬಿಟ್ಟರೆ ಯಾವ ಬಣ್ಣವೂ ಕಾಪಾಡುವುದಿಲ್ಲ. ಒದ್ದೆಯಾದ ತಕ್ಷಣ ಬದಲಿಸಬೇಕು, ಅಷ್ಟೇ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ತಲೆ ತಿಂದ ವಿಷಯ. ಚೀಟಿಯಲ್ಲಿ ಒಗೆಯುವ ಸೂಚನೆ ಹೀಗಿದೆ: ತಣ್ಣೀರು, ಅಂಟುವಾಳ ಅಥವಾ ಸೌಮ್ಯ ಸೋಪು, ಬ್ಲೀಚ್ ಬೇಡ, ನೆರಳಲ್ಲಿ ಒಣಗಿಸಿ. ನೈಸರ್ಗಿಕ ಬಣ್ಣದ ಸೀರೆಗೆ ಇದು ಸರಿಯಾದ ಮಾತು. ರೋಗಿಯ ಹಾಸಿಗೆಗೆ ಬೇಕಾದದ್ದು ಇದರ ಉಲ್ಟಾ. ಆಸ್ಪತ್ರೆಯ ಬಟ್ಟೆ ಬಿಸಿನೀರಲ್ಲಿ ಒಗೆದರೆ 71 ಡಿಗ್ರಿಯಲ್ಲಿ 25 ನಿಮಿಷ ಇರಬೇಕು ಅನ್ನುವುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಲೆಕ್ಕ. ಜೊತೆಗೆ ಕ್ಲೋರಿನ್. ಮನೆಯಲ್ಲಾದರೆ ಮಶೀನಿನ 60 ಡಿಗ್ರಿ ಅಥವಾ ಹಂಡೆಯ ಕುದಿನೀರು, ಆಮೇಲೆ ಸುಡು ಬಿಸಿಲು. ಬಣ್ಣ ಉಳಿಸುವ ಒಗೆತ ಕೊಳೆಯನ್ನೂ ಉಳಿಸುತ್ತದೆ, ಕೊಳೆ ತೆಗೆಯುವ ಒಗೆತ ಬಣ್ಣವನ್ನೂ ತೆಗೆಯುತ್ತದೆ. 'ರೋಗಿಗಳಿಗೆ' ಅಂತ ಮಾರುವವರು ಈ ಗಂಟನ್ನು ಮೊದಲು ಬಿಡಿಸಬೇಕು. ಒಂದು ಡ್ರಾ ಶೀಟಿನ ಮೂಲೆಗೆ ಬ್ಲೀಚಿಂಗ್ ಪುಡಿಯ ನೀರು ಹಾಕಿ ನೋಡಿದೆ, ಹತ್ತು ನಿಮಿಷಕ್ಕೆ ಮೂಲೆ ಬಿಳಿ. ಅಷ್ಟು ಗಟ್ಟಿ ಚೊಗರಿನ ಕರೆಯೇ ಹೋಯಿತು!

ನಾನು ಚೀಟಿಯ ಮಾತು ಕೇಳಲಿಲ್ಲ. ಬ್ಲೀಚ್ ಬಿಟ್ಟೆ, ಆದರೆ 60 ಡಿಗ್ರಿಯಲ್ಲೇ ಒಗೆದು ಬಿಸಿಲಲ್ಲೇ ಹಾಕಿದೆ. ಅತ್ತೆಯ ಚರ್ಮ ಮುಖ್ಯ, ಶೀಟಿನ ಬಣ್ಣ ಅಲ್ಲ.

ಹೀಗೆ ಒಗೆಯುತ್ತಲೇ ಒಂದು ಪರೀಕ್ಷೆ ಮಾಡಿದೆ. ಮನೆಯಲ್ಲಿ ಬಿಳಿ ಡ್ರಾ ಶೀಟು ನಾಲ್ಕಿದ್ದವು, ಚೊಗರಿನವು ನಾಲ್ಕು. ದಿನಕ್ಕೆ ಎರಡು ಬದಲಿಸಿದರೆ ಐದು ತಿಂಗಳಲ್ಲಿ ಒಂದೊಂದಕ್ಕೆ ಹೆಚ್ಚೂಕಡಿಮೆ 35ರಿಂದ 40 ಒಗೆತ. ರಾತ್ರಿ ಬದಲಿಸಿದ ಬೆವರಿನ ಶೀಟನ್ನು ಮುಚ್ಚಳ ಇರುವ ಬಕೆಟ್ಟಿಗೆ ಹಾಕುತ್ತಿದ್ದೆ, ಬಿಳಿಯದಕ್ಕೆ ಒಂದು ಬಕೆಟ್, ಕಂದಿಗೆ ಒಂದು. ಬೆಳಿಗ್ಗೆ ಮುಚ್ಚಳ ತೆಗೆದಾಗ ಮೂಗಿಗೆ ಏನು ಬರುತ್ತದೆ ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಬೆವರಿಗೆ ವಾಸನೆ ಬರುವುದು ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆಯುವುದರಿಂದ, ಹಾಗಾಗಿ ಮೂಗು ಒಂದು ಮಟ್ಟಿಗೆ ಲೆಕ್ಕ ಹೇಳುತ್ತದೆ. ಮೊದಲ ತಿಂಗಳು ವ್ಯತ್ಯಾಸ ಸ್ಪಷ್ಟ. ಬಿಳಿ ಬಕೆಟ್ ತೆರೆದರೆ ಮುಖ ಹಿಂದಕ್ಕೆ ಹೋಗುತ್ತಿತ್ತು, ಕಂದಿನ ಬಕೆಟ್ಟಿನಲ್ಲಿ ಒದ್ದೆ ಬಟ್ಟೆಯ ವಾಸನೆ ಬಿಟ್ಟರೆ ಜಾಸ್ತಿ ಏನಿಲ್ಲ. ಎರಡನೇ ತಿಂಗಳ ಕೊನೆಗೂ ಕಂದೇ ಮೇಲು. ಮೂರನೇ ತಿಂಗಳ ಹೊತ್ತಿಗೆ, ಅಂದರೆ 20 ಒಗೆತ ದಾಟಿದ ಮೇಲೆ, ಅಂತರ ಕಡಿಮೆಯಾಗುತ್ತಾ ಬಂತು. ನಾಲ್ಕನೇ ತಿಂಗಳು ಎರಡೂ ಒಂದೇ. ವಿಚಿತ್ರ ಏನೆಂದರೆ ಶೀಟಿನ ಕಂದು ಬಣ್ಣ ಆಗಲೂ ಕಣ್ಣಿಗೆ ಚೆನ್ನಾಗಿಯೇ ಇತ್ತು. ಬಣ್ಣ ಕಾಣುತ್ತಿದೆ ಅಂದ ಮಾತ್ರಕ್ಕೆ ಗುಣವೂ ಇದೆ ಅಂತ ಅಂದುಕೊಳ್ಳಬಾರದು. ಇದು ನನ್ನ ಮನೆಯ ಬಕೆಟ್ಟಿನ ಲೆಕ್ಕ, ಲ್ಯಾಬಿನದ್ದಲ್ಲ. ಕೈಮಗ್ಗದ ದಪ್ಪ ಬಟ್ಟೆ ಬೆವರು ಹೀರಿ ಬೇಗ ಆರುವುದೂ ಇದರಲ್ಲಿ ಸೇರಿರುತ್ತದೆ.

ನರ್ಸುಗಳು ಮಾತ್ರ ಗಮನಿಸುವ ಇನ್ನೊಂದು ವಿಷಯ ಹೇಳುತ್ತೇನೆ. ಆಸ್ಪತ್ರೆಯ ಶೀಟು ಬಿಳಿ ಇರುವುದು ಸುಮ್ನೆ ಅಲ್ಲ. ಒಂದು ಹನಿ ರಕ್ತ, ಸ್ವಲ್ಪ ಕೀವು, ಮೂತ್ರದ ಬಣ್ಣ ಬದಲಾಗಿದ್ದು, ಎಲ್ಲಾ ಬಿಳಿಯ ಮೇಲೆ ಮೊದಲು ಕಾಣುತ್ತದೆ. ಚೊಗರಿನ ಕಂದಿನ ಮೇಲೆ ಕಾಣುವುದಿಲ್ಲ. ಮಂಜಿಷ್ಠದ ಕೆಂಪಿನ ಮೇಲಂತೂ ರಕ್ತ ಬಿದ್ದರೆ ಗೊತ್ತೇ ಆಗುವುದಿಲ್ಲ. ಅತ್ತೆಯ ಬಾಲಮೂಳೆಯ ಹತ್ತಿರ ಚರ್ಮ ಸುಲಿದಿದ್ದು ನನಗೆ ಕಂಡಿದ್ದು ಬಿಳಿ ಶೀಟು ಹಾಸಿದ ದಿನ. ಒಂದು ಚಿಕ್ಕ ಗುಲಾಬಿ ಕಲೆ. ಹಿಂದಿನ ದಿನ ಕಂದು ಶೀಟು ಇತ್ತು, ಅವತ್ತೂ ಕಲೆ ಆಗಿರಬೇಕು, ನನ್ನ ಕಣ್ಣಿಗೆ ಬೀಳಲಿಲ್ಲ. ಆ ದಿನ ನನಗೆ ತುಂಬಾ ಬೇಜಾರಾಯಿತು. ಅವತ್ತಿನಿಂದ ಸೊಂಟದ ಕೆಳಗೆ ಬಿಳಿ, ಬೆನ್ನು ಭುಜದ ಕಡೆಗೆ ಬಣ್ಣದ್ದು ಅಂತ ಮಾಡಿಕೊಂಡೆ. ದಾಳಿಂಬೆ ಅಳಲೆಯ ಶೀಟು ತಿಳಿ ಬಿಸ್ಕತ್ತು ಬಣ್ಣ, ಅದರ ಮೇಲೆ ಕಲೆ ಕಾಣುತ್ತದೆ, ಬಣ್ಣವೂ 60 ಡಿಗ್ರಿಗೆ ತಕ್ಕಮಟ್ಟಿಗೆ ನಿಂತಿತು. ಇಡೀ ಸೆಟ್ಟಿನಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಅದನ್ನೇ ಆರಿಸುತ್ತೇನೆ.

ಮಾರ್ಡೆಂಟ್ ಬಗ್ಗೆಯೂ ಕೇಳಲೇಬೇಕು. ಮಾರ್ಡೆಂಟ್ ಅಂದರೆ ಬಣ್ಣ ನೂಲಿಗೆ ಕಚ್ಚಿಕೊಳ್ಳಲು ಹಾಕುವ ಉಪ್ಪು. ಇವರು ಹಾಕುವುದು ಪಟಿಕ, ಕ್ಷೌರದ ಅಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಿದ್ದ ಅದೇ ಪಟಿಕ. ಅದರಿಂದ ತೊಂದರೆ ಇಲ್ಲ. ಕೆಲವರು ಬಣ್ಣ ಗಟ್ಟಿಯಾಗಲಿ ಅಂತ ಮೈಲುತುತ್ತ, ಅಂದರೆ ತಾಮ್ರದ ಉಪ್ಪು ಹಾಕುತ್ತಾರೆ. ಕೊಳೆರೋಗಕ್ಕೆ ಅಡಿಕೆ ಮರಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುವ ಮೈಲುತುತ್ತವೇ. ತಾಮ್ರ ತಾನೇ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಅಂಥ ಬಟ್ಟೆ ಪರೀಕ್ಷೆಯಲ್ಲಿ ಗೆದ್ದರೆ ಗೆದ್ದಿದ್ದು ಗಿಡದ ಬಣ್ಣವಾ ತಾಮ್ರವಾ? ಆದರೂ ಚೀಟಿಯಲ್ಲಿ 'ಪೂರ್ತಿ ನೈಸರ್ಗಿಕ' ಅಂತ ಇರುತ್ತದೆ. ತೆಳು ಚರ್ಮದ ವಯಸ್ಸಾದವರ ಮೈಗೆ ದಿನವಿಡೀ ತಾಗುವ ಬಟ್ಟೆ ಇದು, ಏನು ಹಾಕಿದ್ದಾರೆ ಅಂತ ಕೇಳುವ ಹಕ್ಕು ನಮಗಿದೆ.

ಬ್ಯಾಕ್ಟೀರಿಯಾ ಕೊಲ್ಲಲು ಬೆಳ್ಳಿ, ಟ್ರೈಕ್ಲೊಸಾನ್ ಅನ್ನುವ ರಾಸಾಯನಿಕದ ಥರದ್ದು ಹಾಕಿದ ಶೀಟುಗಳು ಸಿಗುತ್ತವಲ್ಲ, ಅವೇ ತಗೊಳ್ಳಬಹುದಲ್ವಾ ಅಂತ ನಮ್ಮ ಮನೆಯವರು ಕೇಳಿದರು. ಟ್ರೈಕ್ಲೊಸಾನ್ ಮತ್ತು ಇನ್ನೂ 18 ರಾಸಾಯನಿಕಗಳನ್ನು ಕೈ ತೊಳೆಯುವ ಸೋಪಿಗೆ ಹಾಕುವ ಹಾಗಿಲ್ಲ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಹೇಳಿತು. ಸಾದಾ ಸೋಪಿಗಿಂತ ಅವು ಮೇಲು ಅಂತ ತೋರಿಸಲು ಕಂಪನಿಗಳಿಗೆ ಆಗಲಿಲ್ಲ. ಒಗೆದಾಗ ಹರಿದು ಹೋದ ಬೆಳ್ಳಿ ನಮ್ಮ ಮೋರಿಗೇ ಹೋಗುವುದು, ಅಲ್ಲಿಂದ ಹೊಳೆಗೆ. ಚೊಗರಿನ ನೀರನ್ನು ನಾನು ಗಿಡದ ಬುಡಕ್ಕೆ ಹಾಕುತ್ತೇನೆ. ಅದಕ್ಕೇ ಈ ಬಣ್ಣಗಳು ಗೆಲ್ಲಬೇಕು ಅಂತ ನನಗೆ ಮನಸ್ಸಿನಿಂದ ಆಸೆ. ಗೆಲ್ಲಬೇಕಾದರೆ ಒಗೆತದಲ್ಲಿ ನಿಲ್ಲಬೇಕು.

ಸೇವೆ ಬಗ್ಗೆ. ಸೆಟ್‌ನಲ್ಲಿ ಒಂದು ದಿಂಬಿನ ಕವರ್ ಬಣ್ಣ ಅಲ್ಲಲ್ಲಿ ತೇಪೆ ತೇಪೆಯಾಗಿತ್ತು, ಫೋಟೋ ಕಳಿಸಿದೆ, ಮಾತಿಲ್ಲದೆ ಬೇರೆ ಕಳಿಸಿದರು. ಒಗೆತದ ಪ್ರಶ್ನೆ ಕೇಳಿದಾಗ ಬಣ್ಣ ಹಾಕುವ ಹೆಂಗಸೇ ಫೋನ್ ಮಾಡಿದರು. 'ಅಕ್ಕಾ, ಒಗೆದ ಮೇಲಿನ ಟೆಸ್ಟು ನಾವು ಮಾಡಿಸಿಲ್ಲ, ಒಂದು ಟೆಸ್ಟಿಗೇ ನಮಗೆ ಭಾರ ಆಗುತ್ತೆ' ಅಂದರು. ಮುಚ್ಚುಮರೆ ಇಲ್ಲದೆ ಹೇಳಿದ್ದು ನನಗೆ ಇಷ್ಟವಾಯಿತು. ನಾನೂ ನೇರವಾಗಿ ಹೇಳಿದೆ: ಹಾಗಾದರೆ ಚೀಟಿಯಲ್ಲಿ 99% ಅಂತ ಹಾಕಬೇಡಿಯಮ್ಮ, ಹಾಕಿದರೆ 'ಒಗೆಯದ ಬಟ್ಟೆಯ ಮೇಲೆ' ಅಂತ ಅದರ ಪಕ್ಕದಲ್ಲೇ ಹಾಕಿ. ತೆರೆದ ಗಾಯದ ಮೇಲೆ, ಹಾಸಿಗೆ ಹುಣ್ಣಿನ ಮೇಲೆ ನೇರ ಬಳಸಬೇಡಿ ಅಂತಲೂ ಬರೆಯಿರಿ. ಇದು ಸ್ಟೆರೈಲ್ ಬಟ್ಟೆ ಅಲ್ಲ, ಗಾಜ್ ಅಲ್ಲ, ಬ್ಯಾಂಡೇಜ್ ಅಲ್ಲ. ಬ್ಯಾಕ್ಟೀರಿಯಾ ಕಡಿಮೆ ಮಾಡುವುದು ಬೇರೆ, ಬ್ಯಾಕ್ಟೀರಿಯಾವೇ ಇಲ್ಲದಿರುವುದು ಬೇರೆ. ನನ್ನ ಸಹೋದ್ಯೋಗಿ ಒಬ್ಬಳು ಇಂಥದ್ದೇ ಬಟ್ಟೆ ಹರಿದು ಗಾಯಕ್ಕೆ ಸುತ್ತಿದ ಮನೆಯೊಂದನ್ನು ನೋಡಿ ಬಂದಿದ್ದಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಬಣ್ಣ ಹಾಕುವ ಆ ಹೆಂಗಸು ಹೂಂ ಅಂದರು. ಕೇರಳದ ಬಲರಾಮಪುರದ ಕಡೆ ಕೈಮಗ್ಗದವರು ಗಿಡಮೂಲಿಕೆಯಲ್ಲಿ ಬಣ್ಣ ಹಾಕಿ 'ಆಯುರ್ವಸ್ತ್ರ' ಅಂತ ಮಾರುತ್ತಾರಲ್ಲ, ಅದನ್ನು ನೋಡಿ ನಾವೂ ಶುರು ಮಾಡಿದ್ದು ಅಂತ ಹೇಳಿದರು.

₹5,400 ಕೊಡಬಹುದಾ? ಬೆವರಿಗೆ ಮೈ ಕೆಂಪಾಗುವ, ದಿನವಿಡೀ ಮಲಗಿರುವ, ಆದರೆ ಗಾಯ ಇಲ್ಲದ ವಯಸ್ಸಾದವರು ಮನೆಯಲ್ಲಿದ್ದರೆ ಕೊಡಬಹುದು. ಪೂರ್ತಿ ಸೆಟ್ ಬೇಡ, ದಾಳಿಂಬೆ ಅಳಲೆಯ ಬೆಡ್‌ಶೀಟು ಎರಡು, ಚೊಗರಿನ ಡ್ರಾ ಶೀಟು ಎರಡು ಬಿಡಿಯಾಗಿ ಕೇಳಿ, ಕೊಡುತ್ತಾರೆ. ಅರಿಶಿನದ್ದು ಬಿಡಿ. ಮಂಜಿಷ್ಠದ ದಿಂಬಿನ ಕವರ್ ಚೆನ್ನಾಗಿದೆ, ಆರೋಗ್ಯವಾಗಿರುವವರ ದಿಂಬಿಗೆ ಹಾಕಿ. ಆಪರೇಷನ್ ಆಗಿ ಹೊಲಿಗೆ ಒಣಗದವರಿಗೆ, ಕೀಮೋ ತಗೊಳ್ಳುತ್ತಿರುವವರಿಗೆ ಇದನ್ನು ನಂಬಿ ಕೂರಬೇಡಿ, ಅವರಿಗೆ ಬಿಳಿ ಹತ್ತಿ, ಕುದಿನೀರು, ಬಿಸಿಲೇ ಸರಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು, ಕೈ ತೊಳೆದು ಮುಟ್ಟುವುದನ್ನು ಯಾವ ಶೀಟೂ ತಪ್ಪಿಸುವುದಿಲ್ಲ.

ಅಂಗಡಿಯವರು ಹಳೆ ಶೀಟಿಗೆ ಮತ್ತೆ ಬಣ್ಣ ಹಾಕಿ ಕೊಡುತ್ತಾರೆ, ಒಂದಕ್ಕೆ ₹60. ವಾಸನೆ ವ್ಯತ್ಯಾಸ ಹೋಗಿದ್ದ ಡ್ರಾ ಶೀಟು ಎರಡು ಕಳಿಸಿದ್ದೆ, ಮೊನ್ನೆ ವಾಪಸ್ ಬಂದವು. ಕಂದು ಇನ್ನೂ ಕಡುವಾಗಿದೆ, ಆ ಕಪ್ಪು ಗೆರೆ ಮಾತ್ರ ಹಾಗೇ ಇದೆ. ಅತ್ತೆ ಈಗ ವಾಕರ್ ಹಿಡಿದು ನಡುಮನೆ ತನಕ ಬರುತ್ತಾರೆ, ರಾತ್ರಿ ಮಾತ್ರ ಆ ಶೀಟೇ ಬೇಕು ಅಂತ ಕೇಳುತ್ತಾರೆ. ಬಕೆಟ್ ಎರಡೂ ಮತ್ತೆ ಹೊರಗೆ ಇಟ್ಟಿದ್ದೇನೆ, ಕ್ಯಾಲೆಂಡರಿನಲ್ಲಿ ಹೊಸ ಪುಟ. 20 ಒಗೆತ ಆದ ಮೇಲೆ ಇಲ್ಲೇ ಸೇರಿಸುತ್ತೇನೆ.